ವಿಶ್ವದ ಆದಿಯೂ ಒಬ್ಬ ಪಾದ್ರಿಯ ವಿವೇಕವೂ

ಧರ್ಮವೂ ವಿಜ್ಞಾನವೂ ಹಾವು ಮುಂಗುಸಿಗಳೆಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಕಚೇರಿಯ ಕೆಲಸಕ್ಕೆ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ವಿಜ್ಞಾನದ ಪುಸ್ತಕವನ್ನು ಮೊದಲ ಬಾರಿಗೆ ತೆರೆದ ದಿನ ಅವರಲ್ಲಿ ಕೆಲವರಿಗಾದರೂ ಒಂದು ಬಗೆಯ ಕಳವಳವಾಗಿದ್ದೀತು. ಊರಿನಲ್ಲಿ ತಾಯಿ ದೀಪದ ಮುಂದೆ ಕುಳ್ಳಿರಿಸಿ ಹೇಳಿದ ಸೃಷ್ಟಿಯ ಕಥೆ ಒಂದು. ಪುಸ್ತಕದಲ್ಲಿ ಅಚ್ಚಾದ ಕಥೆ ಮತ್ತೊಂದು. ಪುಸ್ತಕವನ್ನು ನಂಬಿದರೆ ತಾಯಿಗೆ ಎರಡು ಬಗೆದಂತಾಗುವುದೇ? ತಾಯಿಯ ಮಾತನ್ನು ಹಿಡಿದರೆ ಕಲಿತ ವಿದ್ಯೆಯೇ ಸುಳ್ಳಾಗುವುದೇ?

ಈ ಪ್ರಶ್ನೆಗೆ ಸುಲಭವಾದ ಉತ್ತರಗಳು ಎರಡಿವೆ. ವಿಜ್ಞಾನ ಬಂದ ಮೇಲೆ ದೇವರಿಗೆ ಕೆಲಸವಿಲ್ಲ ಎಂಬುದು ಒಂದು. ವಿಜ್ಞಾನಿಗಳು ಇಂದು ಕಂಡುದೆಲ್ಲವೂ ನಮ್ಮ ಗ್ರಂಥಗಳಲ್ಲಿ ಎಂದೋ ಇತ್ತು ಎಂಬುದು ಇನ್ನೊಂದು. ಮೊದಲನೆಯದು ನಂಬಿಕೆಯನ್ನು ಮನೆಯಿಂದ ಹೊರಗಟ್ಟುತ್ತದೆ. ಎರಡನೆಯದು ವಿಜ್ಞಾನವನ್ನು ನಂಬಿಕೆಯ ಮನೆಯ ಆಳನ್ನಾಗಿ ಮಾಡುತ್ತದೆ. ಈ ಎರಡನ್ನೂ ಒಲ್ಲದೆ ಮೂರನೆಯ ದಾರಿಯಲ್ಲಿ ನಡೆದ ಒಬ್ಬ ಕ್ರೈಸ್ತ ಪಾದ್ರಿಯ ವೃತ್ತಾಂತವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಹಳೆಯದೊಂದು ಗಾಯ

ಕ್ರೈಸ್ತ ಧರ್ಮ ಮತ್ತು ವಿಜ್ಞಾನಗಳ ಮಾತು ಬಂದೊಡನೆ ಎಲ್ಲರಿಗೂ ನೆನಪಾಗುವವನು ಗೆಲಿಲಿಯೊ. 1610ರಲ್ಲಿ ತನ್ನ ದೂರದರ್ಶಕದ ಮೂಲಕ ಗುರುಗ್ರಹದ ಸುತ್ತ ತಿರುಗುವ ನಾಲ್ಕು ಚಂದ್ರರನ್ನು ಕಂಡ ಈ ಇಟಲಿಯ ಶಾಸ್ತ್ರಜ್ಞನು, ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂಬ ಕೋಪರ್ನಿಕಸನ ಮತವನ್ನು ಎತ್ತಿಹಿಡಿದನು. 1616ರಲ್ಲಿ ಚರ್ಚಿನ ಅಧಿಕಾರಿಗಳು ಆ ಮತವನ್ನು ಬೈಬಲಿಗೆ ವಿರುದ್ಧವೆಂದು ತಳ್ಳಿಹಾಕಿದರು. 1633ರ ಜೂನ್ 22ರಂದು, ಎಪ್ಪತ್ತರ ಸಮೀಪದ ಆ ವೃದ್ಧನನ್ನು ರೋಮಿನಲ್ಲಿ ಮೊಣಕಾಲೂರಿಸಿ, ತನ್ನ ಮತವನ್ನು ತಾನೇ ತೊರೆಯುವಂತೆ ಮಾಡಿದರು. 1642ರಲ್ಲಿ ಸಾಯುವವರೆಗೂ ಆತನು ಮನೆಯ ಸೆರೆಯಲ್ಲಿಯೇ ಇರಬೇಕಾಯಿತು.

ಆದರೆ ಗೆಲಿಲಿಯೊ ನಾಸ್ತಿಕನಾಗಿರಲಿಲ್ಲ ಎಂಬುದನ್ನು ಮರೆಯಲಾಗದು. ಆತನ ಇಬ್ಬರು ಹೆಣ್ಣುಮಕ್ಕಳೂ ಸನ್ಯಾಸಿನಿಯರಾಗಿದ್ದರು. 1615ರಲ್ಲಿ ಟಸ್ಕನಿಯ ರಾಜಮಾತೆ ಕ್ರಿಸ್ಟಿನಾಳಿಗೆ ಬರೆದ ದೀರ್ಘ ಪತ್ರದಲ್ಲಿ, ಧರ್ಮಗ್ರಂಥವು ತೋರಿಸುವುದು ಸ್ವರ್ಗಕ್ಕೆ ಮನುಷ್ಯರು ಹೋಗುವ ದಾರಿಯನ್ನೇ ಹೊರತು ಆಕಾಶದಲ್ಲಿ ಗೋಳಗಳು ಹೋಗುವ ದಾರಿಯನ್ನಲ್ಲ ಎಂಬ ಒಬ್ಬ ಕಾರ್ಡಿನಲರ ಚತುರೋಕ್ತಿಯನ್ನು ಆತನು ನೆನೆದಿದ್ದನು. ಅದಕ್ಕೂ ಸುಮಾರು 1200 ವರ್ಷಗಳ ಹಿಂದೆಯೇ ಸಂತ ಅಗಸ್ಟೀನನು, ಆಕಾಶದ ವಿಚಾರದಲ್ಲಿ ಕ್ರೈಸ್ತರು ಅರಿಯದೆ ಮಾತನಾಡಿದರೆ ಅರಿತವರು ನಗುವರು, ಆ ನಗೆ ಗ್ರಂಥಕ್ಕೂ ತಟ್ಟುವುದು ಎಂದು ಎಚ್ಚರಿಸಿದ್ದನು. ಎಚ್ಚರಿಕೆ ಮನೆಯಲ್ಲಿಯೇ ಇತ್ತು, ಕೇಳುವವರಿರಲಿಲ್ಲ. ಗೆಲಿಲಿಯೊನ ಪುಸ್ತಕ ನಿಷಿದ್ಧ ಗ್ರಂಥಗಳ ಪಟ್ಟಿಯಿಂದ ಹೊರಬಂದುದು 1835ರಲ್ಲಿ. ಆತನ ವಿಷಯದಲ್ಲಿ ಅಂದಿನ ಧರ್ಮಪಂಡಿತರು ತಪ್ಪಿದರೆಂದು ಪೋಪ್ ಎರಡನೆಯ ಜಾನ್ ಪಾಲರು ಬಹಿರಂಗವಾಗಿ ಒಪ್ಪಿಕೊಂಡುದು 1992ರಲ್ಲಿ. ತಪ್ಪು ಮಾಡಲು ಒಂದು ದಿನ ಸಾಕಾಯಿತು. ಒಪ್ಪಲು ಮುನ್ನೂರೈವತ್ತು ವರ್ಷಗಳಿಗೂ ಹೆಚ್ಚು ಬೇಕಾಯಿತು.

ಇಲ್ಲಿ ವಿಜ್ಞಾನವು ನಂಬಿಕೆಗೆ ಎದುರಾಗಿ ನಿಂತಂತೆ ಕಂಡಿತು. ನಂಬಿಕೆಯ ಕಾವಲುಗಾರರು ಮುನಿದರು. ಇದು ಒಂದು ಪರೀಕ್ಷೆ. ಆದರೆ ವಿಜ್ಞಾನವೇ ಬಂದು ನಂಬಿಕೆಯನ್ನು ಹೊಗಳುವಂತೆ ಕಂಡರೆ ಏನು ಮಾಡಬೇಕು? ಈ ಪರೀಕ್ಷೆ ಇನ್ನೂ ಕಠಿಣವಾದುದೆಂದು ನಮ್ಮ ಭಾವನೆ. ಬೈಗಳನ್ನು ಸಹಿಸಿದವರೂ ಹೊಗಳಿಕೆಗೆ ಸೋಲುವುದನ್ನು ನಾವು ದಿನವೂ ಕಾಣುತ್ತೇವೆ. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡನೆಯ ಪರೀಕ್ಷೆ ಬಂದಾಗ ಸೋಲದೆ ನಿಂತವರು ಬೆಲ್ಜಿಯಂ ದೇಶದ ಜಾರ್ಜ್ ಲೆಮೈತ್ರರು.

ಎರಡು ದೀಕ್ಷೆ

ಲೆಮೈತ್ರರು ಹುಟ್ಟಿದುದು 1894ರ ಜುಲೈ 17ರಂದು, ಶಾರ್ಲ್‌ರುವಾ ಎಂಬ ಕಲ್ಲಿದ್ದಲ ಗಣಿಗಳ ಪಟ್ಟಣದಲ್ಲಿ. ಪಾದ್ರಿಯೂ ಆಗಬೇಕು, ವಿಜ್ಞಾನಿಯೂ ಆಗಬೇಕು ಎಂಬ ಎರಡು ಆಸೆಗಳೂ ಅವರಿಗೆ ಬಾಲ್ಯದಲ್ಲಿಯೇ ಮೂಡಿದ್ದವು. ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ 1914ರಲ್ಲಿ ಮಹಾಯುದ್ಧ ಸಿಡಿಯಿತು. ಪುಸ್ತಕ ಮುಚ್ಚಿಟ್ಟು ಸ್ವಯಂಸೇವಕರಾಗಿ ಸೈನ್ಯ ಸೇರಿದರು. ತೋಪಿನ ದಳದಲ್ಲಿ ದುಡಿದು ಶೌರ್ಯಪದಕವನ್ನು ಪಡೆದರು. ಯುದ್ಧ ಮುಗಿದ ಮೇಲೆ ಇಂಜಿನಿಯರಿಂಗನ್ನು ಬಿಟ್ಟು ಗಣಿತವನ್ನು ಹಿಡಿದು, 1920ರಲ್ಲಿ ಡಾಕ್ಟರೇಟ್ ಗಳಿಸಿದರು. ಅನಂತರ ಸೆಮಿನರಿಯನ್ನು ಸೇರಿ 1923ರ ಸೆಪ್ಟೆಂಬರಿನಲ್ಲಿ ಪಾದ್ರಿಯ ದೀಕ್ಷೆಯನ್ನು ಪಡೆದರು.

ಅದೇ ವರ್ಷ ಅವರು ಕೇಂಬ್ರಿಜಿಗೆ ತೆರಳಿ, ಸರ್ ಆರ್ಥರ್ ಎಡಿಂಗ್ಟನ್ನರ ಶಿಷ್ಯರಾದರು. ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತವನ್ನು ಇಂಗ್ಲಿಷ್ ಲೋಕಕ್ಕೆ ಪರಿಚಯಿಸಿದವರಲ್ಲಿ ಅಗ್ರಗಣ್ಯರಾದ ಎಡಿಂಗ್ಟನ್ನರು ಸ್ವತಃ ಕ್ವೇಕರ್ ಪಂಥದ ಶ್ರದ್ಧಾವಂತ ಕ್ರೈಸ್ತರು. ಅಲ್ಲಿಂದ ಲೆಮೈತ್ರರು ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ವೇಧಶಾಲೆಯಲ್ಲಿ ಅಭ್ಯಾಸ ಮಾಡಿ, 1925ರಲ್ಲಿ ಲೂವೆನ್ನಿಗೆ ಅಧ್ಯಾಪಕರಾಗಿ ಮರಳಿದರು. ಬೆಳಿಗ್ಗೆ ಪೂಜೆ, ಬಳಿಕ ಪಾಠ, ಅನಂತರ ಗಣಿತ ಎಂಬಂತೆ ಅವರ ಬಾಳು ಸಾಗಿತು.

ಬನ್ಸ್ ಹಿಟ್ಟಿನ ಜೀರಿಗೆ

ಅವರು ಕಂಡುಹಿಡಿದುದು ಏನು? ಆ ಕಾಲದಲ್ಲಿ ವಿಶ್ವವು ಒಟ್ಟಿನಲ್ಲಿ ನಿಶ್ಚಲವಾದುದು, ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ ಎಂದು ಐನ್‌ಸ್ಟೈನರೂ ನಂಬಿದ್ದರು. 1917ರಲ್ಲಿ ಅವರು ತಮ್ಮ ಸಮೀಕರಣಗಳಿಗೆ ಹೊಸದೊಂದು ಪದವನ್ನು ಸೇರಿಸಿ ವಿಶ್ವವನ್ನು ಅಲುಗದಂತೆ ನಿಲ್ಲಿಸಿದ್ದರು. ಆದರೆ ದೂರದ ನೀಹಾರಿಕೆಗಳ ಬೆಳಕು ಬೇರೆಯೇ ಮಾತನ್ನು ಹೇಳುತ್ತಿತ್ತು. ನಿಲ್ದಾಣದಲ್ಲಿ ನಿಲ್ಲದೆ ಓಡುವ ರೈಲಿನ ಸೀಟಿ ಹತ್ತಿರ ಬರುವಾಗ ಏರುದನಿಯಲ್ಲಿಯೂ, ದಾಟಿಹೋದ ಮೇಲೆ ಇಳಿದನಿಯಲ್ಲಿಯೂ ಕೇಳಿಸುವುದನ್ನು ವಾಚಕರು ಗಮನಿಸಿರಬಹುದು. ಅದೇ ರೀತಿ, ದೂರ ಸರಿಯುವ ವಸ್ತುವಿನ ಬೆಳಕು ಕೆಂಪಿನ ಕಡೆಗೆ ವಾಲುತ್ತದೆ. ಹೆಚ್ಚಿನ ನೀಹಾರಿಕೆಗಳ ಬೆಳಕು ಹೀಗೆ ವಾಲಿತ್ತು.

ಲೆಮೈತ್ರರು ಐನ್‌ಸ್ಟೈನರ ಗಣಿತವನ್ನೂ ಅಮೆರಿಕದ ವೇಧಶಾಲೆಗಳಲ್ಲಿ ಅಳೆದ ವೇಗ, ದೂರಗಳನ್ನೂ ಒಂದುಗೂಡಿಸಿ 1927ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ನೀಹಾರಿಕೆಗಳು ಆಕಾಶದಲ್ಲಿ ಓಡುತ್ತಿಲ್ಲ, ಆಕಾಶವೇ ಹಿಗ್ಗುತ್ತಿದೆ ಎಂಬುದು ಅದರ ಸಾರ. ಇದನ್ನು ಅರಿಯಲು ಹೋಟೆಲಿನ ಅಡಿಗೆಮನೆಗೆ ಹೋದರೆ ಸಾಕು. ರಾತ್ರಿ ಕಲಸಿಟ್ಟ ಬನ್ಸ್ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಅದರಲ್ಲಿ ಬೆರೆಸಿದ ಜೀರಿಗೆಯ ಕಾಳುಗಳು ಒಂದರಿಂದ ಒಂದು ದೂರ ಸರಿದಿರುತ್ತವೆ. ಕಾಳು ತಾನಾಗಿ ನಡೆದುಹೋದುದಲ್ಲ; ನಡುವಣ ಹಿಟ್ಟು ಹಿಗ್ಗಿದುದು. ಯಾವ ಕಾಳಿನ ಮೇಲೆ ಕುಳಿತು ನೋಡಿದರೂ ಉಳಿದವೆಲ್ಲವೂ ದೂರ ಸರಿದಂತೆಯೇ ಕಾಣುವುದು. ಹೆಚ್ಚು ದೂರದ ಕಾಳು ಹೆಚ್ಚು ವೇಗದಿಂದ ಸರಿದಂತೆ ತೋರುವುದು. ರಷ್ಯದ ಫ್ರೀಡ್ಮನ್ನನು 1922ರಲ್ಲಿಯೇ ಇಂತಹ ವಿಶ್ವದ ಗಣಿತವನ್ನು ಬಿಡಿಸಿದ್ದನು. ಆ ಗಣಿತವನ್ನು ತಾವೇ ಸ್ವತಂತ್ರವಾಗಿ ಮಾಡಿ, ಆಕಾಶದಲ್ಲಿ ಕಂಡ ಸಂಗತಿಗಳೊಡನೆ ಹೊಂದಿಸಿದ ಹಿರಿಮೆ ಲೆಮೈತ್ರರದು.

ಆದರೆ ಆ ಪ್ರಬಂಧ ಅಚ್ಚಾದುದು ಫ್ರೆಂಚ್ ಭಾಷೆಯಲ್ಲಿ, ಹೊರಗೆ ಹೆಚ್ಚು ಜನ ಓದದ ಬೆಲ್ಜಿಯಂ ಪತ್ರಿಕೆಯೊಂದರಲ್ಲಿ. ಅದೇ ವರ್ಷ ಬ್ರಸೆಲ್ಸಿನಲ್ಲಿ ಅವರನ್ನು ಕಂಡ ಐನ್‌ಸ್ಟೈನರು, ಗಣಿತವೇನೋ ಸರಿ, ಭೌತಶಾಸ್ತ್ರದ ದೃಷ್ಟಿಯಿಂದ ಇದು ಸ್ವಲ್ಪವೂ ಒಪ್ಪತಕ್ಕದ್ದಲ್ಲ ಎಂದು ಖಂಡತುಂಡವಾಗಿ ನುಡಿದರು. 1929ರಲ್ಲಿ ಅಮೆರಿಕದ ಹಬಲನು ನೀಹಾರಿಕೆಗಳ ದೂರಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದನು; ಕೀರ್ತಿಯೆಲ್ಲ ಅವನಿಗೆ ಸಂದಿತು. 1931ರಲ್ಲಿ ಎಡಿಂಗ್ಟನ್ನರ ಪ್ರೇರಣೆಯಿಂದ ಲೆಮೈತ್ರರ ಪ್ರಬಂಧ ಇಂಗ್ಲಿಷಿಗೆ ಬಂದಾಗ, ಹಿಗ್ಗುವಿಕೆಯ ವೇಗವನ್ನು ಮೊದಲು ಲೆಕ್ಕಹಾಕಿದ ಭಾಗವೇ ಅದರಲ್ಲಿರಲಿಲ್ಲ. ಯಾರೋ ಮತ್ಸರದಿಂದ ಕತ್ತರಿಸಿದರೆಂದು ಬಹುಕಾಲ ಸಂಶಯವಿತ್ತು. ಅನುವಾದ ಮಾಡಿದವರು ಲೆಮೈತ್ರರೇ, ಹೊಸ ಅಳತೆಗಳು ಬಂದಿರುವಾಗ ಹಳೆಯ ಲೆಕ್ಕ ಏಕೆಂದು ಬಿಟ್ಟವರೂ ಅವರೇ ಎಂಬುದು 2011ರಲ್ಲಿ ಹಳೆಯ ಪತ್ರವೊಂದರಿಂದ ಹೊರಬಿತ್ತು. ತಮ್ಮ ಹೆಸರಿಗಾಗಿ ಅವರು ಜಗಳವಾಡಲಿಲ್ಲ. 2018ರಲ್ಲಿ ಅಂತಾರಾಷ್ಟ್ರೀಯ ಖಗೋಳ ಸಂಘದವರು ಮತ ಹಾಕಿ, ಆ ನಿಯಮವನ್ನು ಹಬಲ್-ಲೆಮೈತ್ರ್ ನಿಯಮವೆಂದು ಕರೆಯುವಂತೆ ಶಿಫಾರಸು ಮಾಡಿದರು.

ಹೊಡೆದುಹಾಕಿದ ಸಾಲು

ವಿಶ್ವವು ಇಂದು ಹಿಗ್ಗುತ್ತಿದ್ದರೆ ನಿನ್ನೆ ಇದಕ್ಕಿಂತ ಚಿಕ್ಕದಾಗಿತ್ತು, ಮೊನ್ನೆ ಇನ್ನೂ ಚಿಕ್ಕದಾಗಿತ್ತು. ಹೀಗೆ ಹಿಂದೆ ಹಿಂದೆ ಹೋದರೆ? 1931ರ ಮೇ ತಿಂಗಳಿನಲ್ಲಿ 'ನೇಚರ್' ಪತ್ರಿಕೆಗೆ ಬರೆದ ಒಂದು ಪುಟ್ಟ ಪತ್ರದಲ್ಲಿ ಲೆಮೈತ್ರರು, ಇಡೀ ವಿಶ್ವವು ಒಂದು ಆದಿಪರಮಾಣುವಿನಿಂದ ಆರಂಭವಾಗಿರಬಹುದೆಂಬ ವಿಚಾರವನ್ನು ಮಂಡಿಸಿದರು. ಇಂದು ಮಹಾಸ್ಫೋಟವೆಂದು ಮಕ್ಕಳೂ ಬಲ್ಲ ಸಿದ್ಧಾಂತದ ಮೂಲ ಇದೇ.

ಕೂಡಲೇ ಸಂಶಯದ ಕಣ್ಣುಗಳು ಆ ಕರಿಯ ನಿಲುವಂಗಿಯ ಮೇಲೆ ಬಿದ್ದವು. ಪಾದ್ರಿಯು ಬೈಬಲಿನ ಸೃಷ್ಟಿಯ ಕಥೆಯನ್ನು ಸಮೀಕರಣದೊಳಗೆ ಕದ್ದು ತಂದಿರುವನೇ? ಈ ವಿಚಾರವು ಸೃಷ್ಟಿಯ ವಾಸನೆಯನ್ನು ಸೂಸುತ್ತದೆಂದು ಐನ್‌ಸ್ಟೈನರು ಹಿಂಜರಿದರು. ನಾಸ್ತಿಕರಾದ ಫ್ರೆಡ್ ಹಾಯ್ಲರು, ವಿಶ್ವಕ್ಕೆ ಆದಿಯೇ ಇಲ್ಲವೆಂಬ ಪ್ರತಿ ಸಿದ್ಧಾಂತವನ್ನು 1948ರಲ್ಲಿ ಹೂಡಿದವರಲ್ಲಿ ಒಬ್ಬರು, 1949ರಲ್ಲಿ ಬಿ.ಬಿ.ಸಿ. ರೇಡಿಯೋ ಭಾಷಣದಲ್ಲಿ 'ಬಿಗ್ ಬ್ಯಾಂಗ್' ಎಂಬ ಹೆಸರನ್ನು ಮೊದಲು ಬಳಸಿದವರೂ ಅವರೇ. ಆದರೆ ಸ್ವಾರಸ್ಯವೇನೆಂದರೆ, ಶ್ರದ್ಧಾವಂತರಾದ ಎಡಿಂಗ್ಟನ್ನರಿಗೂ ವಿಶ್ವದ ಆದಿಯೆಂಬ ಮಾತು ರುಚಿಸಲಿಲ್ಲ. ಒಂದೇ ಧರ್ಮದ ಇಬ್ಬರು ಭಕ್ತರು, ಭೌತಶಾಸ್ತ್ರದಲ್ಲಿ ಎದುರುಬದುರು. ಸಮೀಕರಣವು ಬರೆದವನ ಜಪಮಾಲೆಯನ್ನು ನೋಡಿ ಉತ್ತರ ಕೊಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆ 1931ರ ಪತ್ರದ ಕರಡು ಇಂದಿಗೂ ಉಳಿದಿದೆ. ಅದರ ಕೊನೆಯಲ್ಲಿ ಲೆಮೈತ್ರರು, ದೇವರು ಮರೆಯಲ್ಲಿಯೇ ಇರುವವನೆಂಬ ಅರ್ಥದ ಒಂದು ಮಾತನ್ನು ಸೇರಿಸಿದ್ದರು. ಅಚ್ಚಿಗೆ ಕಳುಹಿಸುವ ಮುನ್ನ ಅದನ್ನು ಹೊಡೆದುಹಾಕಿದರು. ಆ ಮಾತಿನಲ್ಲಿ ಅವರಿಗೆ ನಂಬಿಕೆಯಿರಲಿಲ್ಲವೆಂದಲ್ಲ. ಅದು ಇರಬೇಕಾದ ಸ್ಥಳ ಅದಲ್ಲವೆಂದು.

ಪೋಪರ ಭಾಷಣ

ನಿಜವಾದ ಪರೀಕ್ಷೆ ಬಂದುದು ಇಪ್ಪತ್ತು ವರ್ಷಗಳ ಅನಂತರ. 1951ರ ನವೆಂಬರ್ 22ರಂದು ಪೋಪ್ ಹನ್ನೆರಡನೆಯ ಪಯಸರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯಲ್ಲಿ ಭಾಷಣ ಮಾಡಿದರು. ಬೆಳಕಾಗಲಿ ಎಂದು ದೇವರು ನುಡಿದ ಆ ಆದಿಕ್ಷಣಕ್ಕೆ ಇಂದಿನ ವಿಜ್ಞಾನವು ಸಾಕ್ಷಿ ನುಡಿಯುತ್ತಿದೆ ಎಂಬ ಧಾಟಿಯಲ್ಲಿ ಅವರ ಮಾತು ಹರಿಯಿತು. ಗೆಲಿಲಿಯೊನನ್ನು ಮೊಣಕಾಲೂರಿಸಿದ ಪೀಠವೇ ಈಗ ಖಗೋಳ ವಿಜ್ಞಾನವನ್ನು ಕೈಹಿಡಿದು ಸಿಂಹಾಸನದ ಬಳಿಗೆ ಕರೆದಂತಾಯಿತು.

ಬೇರೊಬ್ಬ ಪಾದ್ರಿಯಾಗಿದ್ದರೆ ಹಿಗ್ಗಿನಿಂದ ಉಬ್ಬಿಹೋಗುತ್ತಿದ್ದನು. ತನ್ನ ಸಿದ್ಧಾಂತ, ತನ್ನ ಧರ್ಮದ ಪರಮ ಗುರು, ಅವರ ಬಾಯಿಂದ ಮೆಚ್ಚುಗೆ! ಆದರೆ 1936ರಿಂದ ಅದೇ ಅಕಾಡೆಮಿಯ ಸದಸ್ಯರಾಗಿದ್ದ ಲೆಮೈತ್ರರಿಗೆ ಇದರಿಂದ ಸಂತೋಷವಾಗಲಿಲ್ಲ, ಆತಂಕವಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಲೋಕದ ಖಗೋಳ ವಿಜ್ಞಾನಿಗಳೆಲ್ಲ ರೋಮಿನಲ್ಲಿ ಸೇರುವವರಿದ್ದರು. ಪೋಪರು ಅವರನ್ನು ಉದ್ದೇಶಿಸಿ ಮಾತನಾಡುವವರಿದ್ದರು. ಅದಕ್ಕೆ ಮೊದಲೇ ಲೆಮೈತ್ರರು ರೋಮಿಗೆ ಹೋಗಿ, ವ್ಯಾಟಿಕನ್ ವೇಧಶಾಲೆಯ ನಿರ್ದೇಶಕರಾದ ಫಾದರ್ ಓಕಾನೆಲ್ಲರನ್ನು ಕಂಡು ತಮ್ಮ ಕಳವಳವನ್ನು ತಿಳಿಸಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. 1952ರ ಸೆಪ್ಟೆಂಬರ್ 7ರಂದು ಪೋಪರು ವಿಜ್ಞಾನಿಗಳ ಮುಂದೆ ಮಾತನಾಡಿದರು. ಖಗೋಳ ಶಾಸ್ತ್ರದ ಪ್ರಗತಿಯನ್ನು ಹೊಗಳಿದರು. ಅದನ್ನು ಸೃಷ್ಟಿಗೆ ಸಾಕ್ಷಿಯಾಗಿ ಕರೆಯಲಿಲ್ಲ.

ಲೆಮೈತ್ರರು ಹೀಗೇಕೆ ಮಾಡಿದರು? ಕಾರಣಗಳು ಎರಡೆಂದು ನಮಗೆ ತೋರುತ್ತದೆ. ಒಂದು, ವಿಜ್ಞಾನದ ಹಿತ. 1951ರಲ್ಲಿ ಆದಿಪರಮಾಣುವಿನ ವಿಚಾರ ಇನ್ನೂ ಸಿದ್ಧವಾಗಿರಲಿಲ್ಲ. ಹಾಯ್ಲರ ಪಕ್ಷವೂ ಬಲವಾಗಿತ್ತು. ಪೋಪರ ಮುದ್ರೆ ಬಿದ್ದ ಸಿದ್ಧಾಂತವನ್ನು ವಿಜ್ಞಾನಿಗಳು ನಿಷ್ಪಕ್ಷಪಾತವಾಗಿ ಪರಿಶೀಲಿಸುವರೇ? ಇನ್ನೊಂದು, ನಂಬಿಕೆಯ ಹಿತ. ಇಂದಿನ ಸಿದ್ಧಾಂತದ ಮೇಲೆ ದೇವರನ್ನು ಪ್ರತಿಷ್ಠಿಸಿ, ನಾಳೆ ಆ ಸಿದ್ಧಾಂತ ಬಿದ್ದರೆ ದೇವರೂ ಬಿದ್ದಂತೆಯೇ ಅಲ್ಲವೇ? ಹದಿಮೂರನೆಯ ಶತಮಾನದ ಮಹಾಪಂಡಿತ ಸಂತ ತೋಮಸ್ ಅಕ್ವೈನಸನು ಇದೇ ಮಾತನ್ನು ಹೇಳಿದ್ದನು. ಜಗತ್ತಿಗೆ ಆದಿಯುಂಟೆಂಬುದು ನಂಬಿಕೆಯಿಂದ ತಿಳಿಯುವ ವಿಷಯ, ಅದನ್ನು ತರ್ಕದಿಂದ ಸಾಧಿಸಲಾಗದು. ಬಲವಿಲ್ಲದ ವಾದಗಳನ್ನು ಮುಂದಿಟ್ಟರೆ ನಂಬದವರು ನಗುವರು ಎಂಬುದು ಅವನ ಅಭಿಪ್ರಾಯ. ಸೃಷ್ಟಿಯೆಂದರೆ ಒಂದಾನೊಂದು ಕಾಲದಲ್ಲಿ ನಡೆದುಹೋದ ಘಟನೆಯಷ್ಟೇ ಅಲ್ಲ, ಈ ಗಳಿಗೆಯಲ್ಲಿಯೂ ಎಲ್ಲವನ್ನೂ ಇರಿಸಿರುವ ಆಧಾರ ಎಂದು ಆ ಪರಂಪರೆ ಕಲಿಸುತ್ತದೆ. ಅಂತಹ ದೇವರಿಗೆ ದೂರದರ್ಶಕದ ಸಾಕ್ಷಿ ಬೇಕಿಲ್ಲ.

1958ರಲ್ಲಿ ಬ್ರಸೆಲ್ಸಿನ ವಿಜ್ಞಾನ ಸಮ್ಮೇಳನದಲ್ಲಿ ಲೆಮೈತ್ರರು ತಮ್ಮ ನಿಲುವನ್ನು ಬಿಚ್ಚಿಹೇಳಿದರು. ತಮ್ಮ ಸಿದ್ಧಾಂತವು ಧರ್ಮದ ಪ್ರಶ್ನೆಯಿಂದ ಪೂರ್ತಿ ಹೊರಗಿದೆ. ದೇವರಿಲ್ಲವೆನ್ನುವವನು ಇದನ್ನು ಒಪ್ಪಿಯೂ ಇಲ್ಲವೆನ್ನಬಹುದು, ನಂಬುವವನು ಇದನ್ನು ಹಿಡಿದು ದೇವರ ಮೇಲೆ ಸಲಿಗೆ ತೋರಲಾಗದು ಎಂಬುದು ಅವರ ಮಾತಿನ ತಾತ್ಪರ್ಯ.

ಆಸ್ಪತ್ರೆಯ ಹಾಸಿಗೆಗೆ ಬಂದ ಸುದ್ದಿ

ಸಾಕ್ಷ್ಯ ಬಂದಿತು, ಆದರೆ ಧರ್ಮಪೀಠದಿಂದಲ್ಲ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳ ರೇಡಿಯೋ ಆಂಟೆನಾದಲ್ಲಿ ಯಾವ ದಿಕ್ಕಿಗೆ ತಿರುಗಿಸಿದರೂ ಹೋಗದ ಒಂದು ಮಂದವಾದ ಗುಜುಗುಜು ಕೇಳಿಬಂದಿತು. ಪಾರಿವಾಳಗಳ ಹಿಕ್ಕೆಯನ್ನು ತೊಳೆದು ನೋಡಿದರು, ಸದ್ದು ಹೋಗಲಿಲ್ಲ. ಅದು ವಿಶ್ವದ ಎಳವೆಯ ಕಾವು ಆರಿ ಆರಿ ಉಳಿದ ಶೇಷ. ನಿರಪೇಕ್ಷ ಶೂನ್ಯದಿಂದ ಸುಮಾರು 3 ಡಿಗ್ರಿಗಳಷ್ಟೇ ಮೇಲಿನ ತಾಪ. ಒಲೆ ಆರಿದರೂ ಬೂದಿಯಲ್ಲಿ ಉಳಿಯುವ ಬಿಸಿಯಂತೆ. 1965ರಲ್ಲಿ ಈ ಸಂಗತಿ ಪ್ರಕಟವಾಯಿತು. ಆ ಇಬ್ಬರಿಗೂ 1978ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿನ ಲೆಕ್ಕದಂತೆ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ.

ಲೆಮೈತ್ರರು ಆಗ ಲೂವೆನ್ನಿನ ಆಸ್ಪತ್ರೆಯಲ್ಲಿ ಮರಣಶಯ್ಯೆಯಲ್ಲಿದ್ದರು. ಅವರ ಸಹಾಯಕರಾಗಿದ್ದವರು ಬಂದು ಈ ಸುದ್ದಿಯನ್ನು ತಿಳಿಸಿದರು. ಅದಾದ ಕೆಲವೇ ದಿನಗಳಲ್ಲಿ, 1966ರ ಜೂನ್ 20ರಂದು, ಅವರು ತೀರಿಕೊಂಡರು.

ಗಂಗೆಯ ದಡದಲ್ಲಿ

ಲೆಮೈತ್ರರು ಅಪವಾದವೆಂದು ಕೆಲವರು ಹೇಳಬಹುದು. ಹಾಗಲ್ಲ. ಆನುವಂಶಿಕತೆಯ ನಿಯಮಗಳನ್ನು ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ಗ್ರೆಗರ್ ಮೆಂಡೆಲ್ಲನು ಬ್ರುನೋ ಪಟ್ಟಣದ ಮಠದ ಸನ್ಯಾಸಿ. ನಮ್ಮ ದೇಶಕ್ಕೂ ಇಂತಹವರು ಬಂದರು. ಲೆಮೈತ್ರರ ಬೆಲ್ಜಿಯಂನಿಂದಲೇ 1865ರಲ್ಲಿ ಕಲ್ಕತ್ತೆಗೆ ಬಂದ ಜೆಸುಯಿಟ್ ಪಾದ್ರಿ ಯೂಜೀನ್ ಲಫೋಂ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸಿದರು. ಜಗದೀಶ ಚಂದ್ರ ಬೋಸರು ಅವರ ಶಿಷ್ಯರು. ಡಾ. ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಭಾರತೀಯರಿಗಾಗಿ ವಿಜ್ಞಾನ ಸಂಸ್ಥೆಯೊಂದನ್ನು ಕಟ್ಟಿದಾಗ ಹೆಗಲು ಕೊಟ್ಟವರಲ್ಲಿ ಲಫೋಂ ಪ್ರಮುಖರು. ಹಗಲು ಸರಕಾರಿ ಹಣಕಾಸು ಕಚೇರಿಯಲ್ಲಿ ಅಧಿಕಾರಿಯಾಗಿ ದುಡಿದು, ಬಿಡುವಿನ ವೇಳೆಯಲ್ಲಿ ಅದೇ ಸಂಸ್ಥೆಯ ಪ್ರಯೋಗಶಾಲೆಗೆ ಹೋಗುತ್ತಿದ್ದ ಸಿ. ವಿ. ರಾಮನ್ನರು, 1928ರಲ್ಲಿ ಅಲ್ಲಿಯೇ ತಮ್ಮ ಹೆಸರಿನ ಪರಿಣಾಮವನ್ನು ಕಂಡರು; 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಅಲ್ಲಿಯೇ ನೆಲೆಸಿದರು. ಮಹೇಂದ್ರಲಾಲರ ಧರ್ಮವೇ ಬೇರೆ, ಲಫೋಂ ಅವರ ಧರ್ಮವೇ ಬೇರೆ, ಪ್ರಯೋಗಶಾಲೆ ಒಂದೇ.

ಜಗಳವೆಲ್ಲ ಮುಗಿಯಿತೆಂದು ನಾವು ಹೇಳುತ್ತಿಲ್ಲ. 1925ರಲ್ಲಿ ಅಮೆರಿಕದ ಟೆನೆಸೀ ಪ್ರಾಂತದಲ್ಲಿ, ಮನುಷ್ಯನ ವಿಕಾಸವನ್ನು ಕಲಿಸಿದ ತಪ್ಪಿಗೆ ಸ್ಕೋಪ್ಸ್ ಎಂಬ ಉಪಾಧ್ಯಾಯನಿಗೆ 100 ಡಾಲರ್ ದಂಡ ವಿಧಿಸಿದರು. ಬೈಬಲಿನ ವಂಶಾವಳಿಯನ್ನು ಕೂಡಿಸಿ ಭೂಮಿಗೆ ಆರು ಸಾವಿರ ವರ್ಷವೆನ್ನುವವರು ಇಂದಿಗೂ ಇದ್ದಾರೆ. ವಿಜ್ಞಾನದ ಹೆಸರಿನಲ್ಲಿ ಸಕಲ ನಂಬಿಕೆಯನ್ನೂ ಮೂಢತೆಯೆನ್ನುವವರೂ ಇದ್ದಾರೆ. ಇವರ ನಡುವೆ ಸಿಕ್ಕ ಸಾಮಾನ್ಯ ಮನುಷ್ಯನಿಗೆ ಲೆಮೈತ್ರರ ಬಾಳು ಒಂದು ದಾರಿಯನ್ನು ತೋರಿಸುತ್ತದೆ.

ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳು ಇದನ್ನು ಇತರರಿಗಿಂತ ಬೇಗ ಅರಿಯಬಲ್ಲರು. ಒಂದೇ ಅಂಗಡಿಯಲ್ಲಿ ಎರಡು ಖಾತೆಗಳಿರುತ್ತವೆ. ಒಂದರಲ್ಲಿ ಕೊರತೆ ಬಿತ್ತೆಂದು ಇನ್ನೊಂದರ ಮೊತ್ತವನ್ನು ಅಲ್ಲಿ ಬರೆದು ತಾಳೆ ಮಾಡಿದರೆ, ಪುಟ ಅಂದವಾಗಿ ಕಂಡೀತು; ಲೆಕ್ಕ ಮಾತ್ರ ಸುಳ್ಳಾಗುವುದು. ಲೆಮೈತ್ರರು ಎರಡು ಖಾತೆಗಳನ್ನೂ ಕೊನೆಯವರೆಗೆ ಬರೆದರು. ಒಂದರ ಹಣವನ್ನು ಒಂದಕ್ಕೆ ಬೆರೆಸಲಿಲ್ಲ, ಒಂದನ್ನು ಹರಿದು ಎಸೆಯಲೂ ಇಲ್ಲ.

ಆದುದರಿಂದ ರಾತ್ರಿ ಪುಸ್ತಕ ತೆರೆದು ಕಳವಳಗೊಂಡ ತರುಣನಿಗೆ ನಾವು ಹೇಳುವುದಿಷ್ಟೇ. ವಿಶ್ವದ ವಯಸ್ಸು ಎಷ್ಟೆಂದು ಪುಸ್ತಕವನ್ನು ಕೇಳು. ಅದು ಸರಿಯಾಗಿ ಹೇಳುತ್ತದೆ, ತಪ್ಪಿದರೆ ತಾನೇ ತಿದ್ದಿಕೊಳ್ಳುತ್ತದೆ. ಈ ವಿಶ್ವದಲ್ಲಿ ಹೇಗೆ ಬಾಳಬೇಕೆಂದು ತಾಯಿ ದೀಪದ ಮುಂದೆ ಹೇಳಿದ ಮಾತನ್ನು ನೆನೆ. ಅದು ಪುಸ್ತಕದ ವಿಷಯವಲ್ಲ. ಪುಸ್ತಕ ಓದಿದುದರಿಂದ ತಾಯಿಗೆ ದ್ರೋಹವಾಗದು. ತಾಯಿಯ ಮಾತನ್ನು ಉಳಿಸಲೆಂದು ಪುಸ್ತಕವನ್ನು ತಿರುಚಿದರೆ ಮಾತ್ರ ಇಬ್ಬರಿಗೂ ದ್ರೋಹವಾದೀತು.